ಮನೆಯ ಬೆಲೆ ಏರಿತು, ಪಿಂಚಣಿ ಏರಲಿಲ್ಲ

ಪ್ರಶ್ನೆ:

ನನಗೀಗ 74 ವರ್ಷ. ತವರು ಧಾರವಾಡ. ಮದುವೆಯಾದ ವರ್ಷವೇ, 1978ರಲ್ಲಿ, ಇಂಗ್ಲೆಂಡಿಗೆ ಬಂದೆ. ನಮ್ಮವರು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಡಾಕ್ಟರಾಗಿದ್ದರು. ತೀರಿಕೊಂಡು ಆರು ವರ್ಷವಾಯಿತು. 1984ರಲ್ಲಿ ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ 95,000 ಪೌಂಡಿಗೆ ಹಳೇ ಕಾಲದ ಐದು ಕೋಣೆಗಳ ಮನೆ ಕೊಂಡೆವು. ಆಗ ಅದು ನಮಗೆ ಮೀರಿದ ಸಾಲ. ಅವರು ರಾತ್ರಿ ಪಾಳಿ ಮಾಡಿ, ನಾನು ಒಂದು ಅಂಗಡಿಯಲ್ಲಿ ಲೆಕ್ಕ ಬರೆದು ತೀರಿಸಿದೆವು. ಈಗ ಮನೆ ಏಜೆಂಟ್ ಒಬ್ಬ 21 ಲಕ್ಷ ಪೌಂಡ್ ಬಾಳುತ್ತದೆ ಅನ್ನುತ್ತಾನೆ. ನನ್ನ ಕೈಗೆ ಬರುವುದು ಎರಡೂ ಪಿಂಚಣಿ ಸೇರಿ ವರ್ಷಕ್ಕೆ 26,000 ಪೌಂಡ್. ಉಳಿತಾಯ 60,000 ಇದೆ, ಅದು ಕಾಯಿಲೆ ಕಸಾಲೆಗೆ ಅಂತ ಇಟ್ಟದ್ದು.

2028ರಿಂದ ದುಬಾರಿ ಮನೆಗಳಿಗೆ ಹೆಚ್ಚಿನ ತೆರಿಗೆ ಬರುತ್ತದಂತೆ. ನನ್ನ ಪಾಲಿಗೆ ವರ್ಷಕ್ಕೆ 2,500 ಪೌಂಡ್. ಮ್ಯಾಂಚೆಸ್ಟರ್‌ನಲ್ಲಿರುವ ಮಗ ಇದು ಹಗಲುದರೋಡೆ ಅನ್ನುತ್ತಾನೆ. ಮನೆಯನ್ನು ಈಗಲೇ ನನ್ನ ಹೆಸರಿಗೆ ಮಾಡಿಬಿಡು, ನೀನು ಅಲ್ಲೇ ಇರು ಅನ್ನುತ್ತಾನೆ. ಮಗಳು ಶಾಲೆಯಲ್ಲಿ ಟೀಚರ್, ಲಂಡನ್ನಿನದೇ ಲೂಯಿಷಮ್‌ನಲ್ಲಿ ಬಾಡಿಗೆಗಿದ್ದಾಳೆ. ಅವಳು ಹಬ್ಬದ ಊಟದ ನಡುವೆ, "ನಿನ್ನ ಮನೆ ಕೂತಲ್ಲೇ ಗಳಿಸಿದ್ದನ್ನು ನಾನು ಜನ್ಮವಿಡೀ ಪಾಠ ಮಾಡಿದರೂ ಗಳಿಸಲಾರೆ, ಕಟ್ಟು ಅಮ್ಮ" ಅಂದುಬಿಟ್ಟಳು. ಆವತ್ತಿಂದ ಅಣ್ಣ ತಂಗಿ ಮಾತಾಡುತ್ತಿಲ್ಲ. ನಾವು ಕಷ್ಟಪಟ್ಟು ಕಟ್ಟಿಕೊಂಡ ಗೂಡಿಗೆ ಈ ವಯಸ್ಸಿನಲ್ಲಿ ತೆರಿಗೆ ಹಾಕುವುದು ನ್ಯಾಯವೇ? ಮಾರಿ ಚಿಕ್ಕದಕ್ಕೆ ಹೋಗಲೇ? ಮಗನ ಮಾತು ಕೇಳಲೇ?

— ಹೆಸರು ಬೇಡ, ಲಂಡನ್

ಉತ್ತರ:

ಸುತ್ತಿ ಬಳಸಿ ಹೇಳುವುದು ಬೇಡ. ಈ ತೆರಿಗೆ ಮೂಲದಲ್ಲಿ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ವಸೂಲಿ ಮಾಡುವ ರೀತಿಯಲ್ಲಿ ಮಾತ್ರ ನಿಮ್ಮಂಥವರಿಗೆ ಪೆಟ್ಟು ಬೀಳುವ ಸಾಧ್ಯತೆ ಇದೆ, ಅದಕ್ಕೆ ಮದ್ದೂ ಇದೆ. ಮಗ ತೋರಿಸಿದ ದಾರಿಯನ್ನು ಮಾತ್ರ ಯಾವ ಕಾರಣಕ್ಕೂ ಹಿಡಿಯಬೇಡಿ. ಮಗಳು ಹೇಳಿದ್ದರಲ್ಲಿ ಸತ್ಯವಿದೆ, ಊಟದ ನಡುವೆ ಹೇಳಬೇಕಾಗಿರಲಿಲ್ಲ ಅಷ್ಟೆ.

ನಿಮ್ಮ ಊರಿನ ಸುದ್ದಿ ಇಲ್ಲಿನ ಓದುಗರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಎರಡು ಮಾತು. 2025ರ ನವೆಂಬರ್ 26ರ ಬಜೆಟ್ಟಿನಲ್ಲಿ ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಈ ಹೆಚ್ಚುವರಿ ತೆರಿಗೆಯನ್ನು ಪ್ರಕಟಿಸಿದರು. ಇಂಗ್ಲೆಂಡಿಗೆ ಮಾತ್ರ ಅನ್ವಯ, 2028ರ ಏಪ್ರಿಲ್‌ನಿಂದ ಜಾರಿ. 20 ಲಕ್ಷ ಪೌಂಡ್ ದಾಟಿದ ಮನೆಗೆ ವರ್ಷಕ್ಕೆ 2,500 ಪೌಂಡ್. 25 ಲಕ್ಷ ದಾಟಿದರೆ 3,500. 35 ಲಕ್ಷ ದಾಟಿದರೆ 5,000. 50 ಲಕ್ಷದ ಮೇಲೆ ಎಷ್ಟೇ ಇರಲಿ, 7,500. ಈಗಾಗಲೇ ಸ್ಥಳೀಯ ಆಡಳಿತಕ್ಕೆ ಕಟ್ಟುತ್ತಿರುವ ಕೌನ್ಸಿಲ್ ಟ್ಯಾಕ್ಸ್ ಜೊತೆಗೆ ಇದು ಸೇರುತ್ತದೆ. ಮಾಮೂಲಿ ಕೌನ್ಸಿಲ್ ಟ್ಯಾಕ್ಸನ್ನು ಮನೆಯಲ್ಲಿ ವಾಸವಿರುವವರು, ಅಂದರೆ ಬಾಡಿಗೆದಾರರೂ ಕಟ್ಟುತ್ತಾರೆ. ಈ ಹೊಸದು ಮಾಲೀಕರ ತಲೆಗೇ. ಇಂಗ್ಲೆಂಡಿನ ನೂರು ಮನೆಗಳಲ್ಲಿ ಒಂದಕ್ಕೂ ಇದು ತಾಗುವುದಿಲ್ಲ. ತಾಗುವುದರಲ್ಲಿ ಬಹುಪಾಲು ಲಂಡನ್ ಮತ್ತು ಅದರ ಸುತ್ತಮುತ್ತ.

ಈಗ ನಿಮ್ಮ ನೋವಿನ ಮಾತು. ವರ್ಷಕ್ಕೆ 26,000 ಬರುವವರಿಂದ 2,500 ಕೇಳಿದರೆ ಹತ್ತರಲ್ಲಿ ಒಂದು ಪಾಲು ಹೋದಂತೆ. ಇಪ್ಪತ್ತು ವರ್ಷ ಬಿಟ್ಟು ಮಾರಿದಾಗ ಸಿಗುವ ದುಡ್ಡಿಗೆ ಇವತ್ತಿನ ಕಿರಾಣಿ ಹಣದಲ್ಲಿ ತೆರಿಗೆ ಕಟ್ಟು ಅಂದರೆ, ಫಸಲು ಬಾರದ ತೋಟಕ್ಕೆ ಕಂದಾಯ ಕೇಳಿದ ಹಾಗೆ. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗಮನಿಸಿ, ಇದು ಯಾವಾಗ ಕಟ್ಟಬೇಕು ಅನ್ನುವುದರ ತಕರಾರು. ಕಟ್ಟಬೇಕೋ ಬೇಡವೋ ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಪತ್ರದಲ್ಲಿ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ, ನಿಮ್ಮ ಮಕ್ಕಳ ಜಗಳದಲ್ಲೂ ಅಷ್ಟೆ.

ಕಟ್ಟಬೇಕೋ ಬೇಡವೋ ಅನ್ನುವುದನ್ನು ನೋಡೋಣ. 95,000ಕ್ಕೆ ಕೊಂಡದ್ದು 21 ಲಕ್ಷವಾಗಿದೆ, 22 ಪಟ್ಟು. ವರ್ಷಕ್ಕೆ ಹಂಚಿದರೆ ಸರಾಸರಿ 47,000 ಪೌಂಡಿಗೂ ಮೇಲೆ. ನಿಮ್ಮ ಎರಡೂ ಪಿಂಚಣಿ ಸೇರಿದರೂ ಅದರ ಮುಕ್ಕಾಲಿಲ್ಲ. ಹಣದುಬ್ಬರ ಎಷ್ಟೇ ಕಳೆಯಿರಿ, ಉಳಿಯುವುದು ದೊಡ್ಡ ಮೊತ್ತವೇ. ಇದರ ಮೇಲೆ ನೀವು ಇದುವರೆಗೆ ಒಂದು ಪೌಂಡ್ ತೆರಿಗೆ ಕೊಟ್ಟಿಲ್ಲ, ನಾಳೆ ಮಾರಿದರೂ ಕೊಡಬೇಕಾಗಿಲ್ಲ. ತಾವೇ ವಾಸವಿದ್ದ ಮನೆಯ ಲಾಭಕ್ಕೆ ಬ್ರಿಟನ್ನಿನಲ್ಲಿ ಬಂಡವಾಳ ಲಾಭ ತೆರಿಗೆ ಇಲ್ಲ. ಮಗಳ ಸಂಬಳದಲ್ಲಿ ತೆರಿಗೆ ಮುರಿದುಕೊಂಡೇ ಉಳಿದದ್ದು ಅವಳ ಕೈಗೆ ಬರುತ್ತದೆ. ಅವಳು ಹೇಳಿದ್ದು ಇದನ್ನೇ.

"ನಾವು ಬೆವರು ಸುರಿಸಿದ್ದು" ಅಂತೀರಿ. ಸುರಿಸಿದ್ದೀರಿ, ಯಾರು ಇಲ್ಲವೆಂದರು? ರಾತ್ರಿ ಪಾಳಿಯ ಬೆವರು 95,000 ಪೌಂಡನ್ನೂ ಅದರ ಬಡ್ಡಿಯನ್ನೂ ತೀರಿಸಿತು. ಮಿಕ್ಕ 20 ಲಕ್ಷ ಬಂದದ್ದೆಲ್ಲಿಂದ? ನೀವು ಹೆಂಚು ಬದಲಿಸಿರಬಹುದು, ಅಡುಗೆಮನೆ ಹೊಸದಾಗಿ ಮಾಡಿಸಿರಬಹುದು, ಅದಕ್ಕೆ ಅಷ್ಟು ಬೆಲೆಯಿಲ್ಲ. 2022ರಲ್ಲಿ ಲಂಡನ್ನಿನ ಎಲಿಜಬೆತ್ ಲೈನ್ ರೈಲು ಶುರುವಾಯಿತಲ್ಲ, ಈಲಿಂಗ್ ಬ್ರಾಡ್‌ವೇಯಿಂದ ಹತ್ತಿದರೆ ನಗರದ ನಟ್ಟನಡುವೆ ಇಳಿಯುವ ಹಾಗೆ; ಅದಕ್ಕೆ ಖರ್ಚಾದದ್ದು ಸುಮಾರು 1,900 ಕೋಟಿ ಪೌಂಡ್. ಆ ಹಣ ಕೊಟ್ಟದ್ದು ಸರ್ಕಾರ, ಲಂಡನ್ ನಗರಾಡಳಿತ, ಅಲ್ಲಿನ ವ್ಯಾಪಾರಸ್ಥರು, ಪ್ರಯಾಣಿಕರು. ರೈಲು ಬಂದು ನಿಲ್ಲುತ್ತಿದ್ದಂತೆ ಬೆಲೆ ಏರಿದ್ದು ನಿಲ್ದಾಣದ ಸುತ್ತ ಮನೆಯಿದ್ದವರದು. ಇದರ ಮೇಲೆ, ಲಂಡನ್ನಿನ ಸುತ್ತ ಹಸಿರು ಪಟ್ಟಿ ಅಂತ ಜಾಗ ಬಿಟ್ಟು ಹೊಸ ಮನೆ ಕಟ್ಟದಂತೆ ತಡೆದ ಕಾನೂನು. ಮನೆ ಬೇಕಾದವರು ಹೆಚ್ಚುತ್ತಾ ಹೋದರು, ಮನೆಗಳು ಅಷ್ಟಾಗಿ ಹೆಚ್ಚಲಿಲ್ಲ. ನಿಮ್ಮ ಮಗಳು ಬಾಡಿಗೆಯಲ್ಲಿ ಕೊಡುತ್ತಿರುವುದು ಅದೇ ಕೊರತೆಯ ಬೆಲೆಯನ್ನು, ನಿಮಗೆ ಸಿಕ್ಕಿರುವುದು ಅದೇ ಕೊರತೆಯ ಲಾಭ. ಊರು ದುಡಿದು ಹುಟ್ಟಿಸಿದ ಬೆಲೆಯಲ್ಲಿ ಒಂದು ಚೂರು ಊರಿಗೆ ಹೋಗಲಿ ಅಂದರೆ ಅದರಲ್ಲಿ ದರೋಡೆ ನನಗಂತೂ ಕಾಣುವುದಿಲ್ಲ. ಚೂರು ಅಂದದ್ದು ಲೆಕ್ಕ ಹಾಕಿಯೇ: 21 ಲಕ್ಷಕ್ಕೆ 2,500 ಅಂದರೆ ನೂರಕ್ಕೆ 12 ಪೈಸೆ.

ನಿಮ್ಮ ದೇಶದ ಮನೆ ತೆರಿಗೆಯ ಕಥೆ ಗೊತ್ತಾದರೆ ಈ ಹೊಸ ತೆರಿಗೆ ಯಾಕೆ ಬಂತು ಅನ್ನುವುದೂ ತಿಳಿಯುತ್ತದೆ. ಅರ್ಧ ಕಥೆಗೆ ನೀವೇ ಸಾಕ್ಷಿ. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮನೆಯ ಮೇಲಿನ ತೆರಿಗೆ ತೆಗೆದು ತಲೆಗಿಷ್ಟು ಅಂತ ಪೋಲ್ ಟ್ಯಾಕ್ಸ್ ತಂದರು, 1989ರಲ್ಲಿ ಸ್ಕಾಟ್ಲೆಂಡಿಗೆ, ಮರುವರ್ಷ ಇಂಗ್ಲೆಂಡಿಗೆ. ಬಂಗಲೆಯ ಶ್ರೀಮಂತನಿಗೂ ಅವನ ತೋಟದ ಮಾಲಿಗೂ ಹೆಚ್ಚುಕಡಿಮೆ ಒಂದೇ ಮೊತ್ತ. 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ನಡೆದ ಗಲಭೆ ನೀವು ಟಿವಿಯಲ್ಲಾದರೂ ನೋಡಿರುತ್ತೀರಿ. ಅದೇ ವರ್ಷದ ನವೆಂಬರ್‌ನಲ್ಲಿ ಥ್ಯಾಚರ್ ಕುರ್ಚಿ ಬಿಟ್ಟರು. ಆ ಸುಟ್ಟ ಕೈಯಲ್ಲೇ ಆತುರಾತುರವಾಗಿ ಮಾಡಿ 1993ರಲ್ಲಿ ಜಾರಿಗೆ ತಂದದ್ದು ಇವತ್ತಿನ ಕೌನ್ಸಿಲ್ ಟ್ಯಾಕ್ಸ್. ಮನೆಗಳನ್ನು 1991ರ ಏಪ್ರಿಲ್ 1ರ ಬೆಲೆಯಲ್ಲಿ ಅಳೆದು ಎ ಯಿಂದ ಎಚ್ ವರೆಗೆ ಎಂಟು ಪಟ್ಟಿ ಮಾಡಿದರು. ತುದಿಯ ಎಚ್ ಪಟ್ಟಿ ಶುರುವಾಗುವುದು 3,20,000 ಪೌಂಡಿಗೆ. ಅದರಾಚೆ ಎಷ್ಟೇ ಬೆಲೆಯಿರಲಿ, ಅರಮನೆಯೇ ಇರಲಿ, ತೆರಿಗೆ ತಳಪಟ್ಟಿಯ ಮೂರರಷ್ಟು, ನಡುಪಟ್ಟಿ ಡಿಯ ಎರಡರಷ್ಟು, ಅಲ್ಲಿಗೆ ಮುಗಿಯಿತು.

ತಮಾಷೆ ಏನೆಂದರೆ ಇಂಗ್ಲೆಂಡಿನಲ್ಲಿ ಇವತ್ತಿಗೂ ಅದೇ 1991ರ ಬೆಲೆಯೇ ನಡೆಯುತ್ತಿದೆ. ಹೋದ ತಿಂಗಳು ಕಟ್ಟಿ ಮುಗಿಸಿದ ಮನೆಗೂ, ಇದು 1991ರಲ್ಲಿ ಇದ್ದಿದ್ದರೆ ಎಷ್ಟಿಗೆ ಹೋಗುತ್ತಿತ್ತು ಅಂತ ಅಧಿಕಾರಿಗಳು ಊಹಿಸಿ ಪಟ್ಟಿಗೆ ಸೇರಿಸುತ್ತಾರೆ. 2007ಕ್ಕೆ ಹೊಸ ಮೌಲ್ಯಮಾಪನ ಮಾಡುತ್ತೇವೆ ಅಂದಿದ್ದ ಲೇಬರ್ ಸರ್ಕಾರ 2005ರಲ್ಲೇ ಅದನ್ನು ಮುಂದಕ್ಕೆ ಹಾಕಿತು. ವೇಲ್ಸ್ ಮಾತ್ರ ಧೈರ್ಯ ಮಾಡಿ 2005ರಲ್ಲಿ ಹೊಸ ಬೆಲೆ ಜಾರಿಗೆ ತಂದಿತು. ಕೆಳಗಿನ ಪಟ್ಟಿಗೆ ಇಳಿದವರಿಗಿಂತ ಮೇಲಕ್ಕೆ ಏರಿದವರೇ ಬಹಳ, ಗದ್ದಲವೂ ಅಷ್ಟೇ ಬಹಳ. ಅದನ್ನು ನೋಡಿ ಇಂಗ್ಲೆಂಡಿನ ಯಾವ ಪಕ್ಷವೂ ಆ ತಂಟೆಗೆ ಹೋಗಲಿಲ್ಲ.

ಇದರ ಫಲ ಹೇಗಿದೆ ನೋಡಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಜಗತ್ತಿನ ಕುಬೇರರು ಬಂದು ಮನೆ ಕೊಳ್ಳುವ ಜಾಗದಲ್ಲಿ, ಎಚ್ ಪಟ್ಟಿಯ ಬಂಗಲೆಗೆ ವರ್ಷಕ್ಕೆ ಸುಮಾರು 2,000 ಪೌಂಡ್. ಉತ್ತರದ ಬಡ ಬಂದರು ಪಟ್ಟಣ ಹಾರ್ಟಲ್‌ಪೂಲ್‌ನಲ್ಲಿ ನಡುಪಟ್ಟಿಯ ಸಾಧಾರಣ ಮನೆಗೆ ಅದಕ್ಕಿಂತ ಹೆಚ್ಚು. ಕೌನ್ಸಿಲ್‌ಗಳ ಆದಾಯ, ಖರ್ಚು ಬೇರೆ ಬೇರೆ ಅನ್ನುವುದು ನಿಜ. ಅಷ್ಟು ಹೇಳಿದ ಮೇಲೂ ಈ ಹೋಲಿಕೆ ಗಂಟಲಲ್ಲಿ ಇಳಿಯುವುದಿಲ್ಲ. ನ್ಯಾಯದ ಮಾತು ಬಂದಾಗ ನಾವು ಹೊಸ ತೆರಿಗೆಯನ್ನು ತಕ್ಕಡಿಗೆ ಹಾಕುತ್ತೇವೆ, ಹಳೆಯದು ಅಭ್ಯಾಸವಾಗಿ ಹೋಗಿರುವುದರಿಂದ ಅದರ ಅನ್ಯಾಯ ಕಣ್ಣಿಗೆ ಬೀಳುವುದೇ ಇಲ್ಲ. ಹಾರ್ಟಲ್‌ಪೂಲ್‌ನವರು 30 ವರ್ಷ ಸುಮ್ಮನೆ ಕಟ್ಟಿದರು. ಯಾವ ಪತ್ರಿಕೆಯೂ ಅದನ್ನು ಹಗಲುದರೋಡೆ ಅಂತ ಬರೆದದ್ದು ನನಗೆ ನೆನಪಿಲ್ಲ.

ಹಾಗಂತ ರೀವ್ಸ್ ಅವರ ತೆರಿಗೆಯನ್ನು ತಲೆಯ ಮೇಲಿಟ್ಟುಕೊಳ್ಳಲು ನಾನು ತಯಾರಿಲ್ಲ. ಎಲ್ಲ ಮನೆಗಳ ಬೆಲೆಯನ್ನೂ ಹೊಸದಾಗಿ ಅಳೆಯುವ ಎದೆಗಾರಿಕೆ ಇಲ್ಲದೆ ತುದಿಯ ಒಂದಿಷ್ಟು ಮನೆಗಳಿಗೆ ಮಾತ್ರ ಹೊಸ ಅಳತೆ ಹಿಡಿದಿದ್ದಾರೆ. 19 ಲಕ್ಷದ 99 ಸಾವಿರ ಬಾಳುವ ಮನೆಗೆ ಸೊನ್ನೆ, ಪಕ್ಕದ 20 ಲಕ್ಷದ ಮನೆಗೆ ಒಮ್ಮೆಗೇ 2,500. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2019ರಲ್ಲಿ ಇಂಥದ್ದೇ ತೆರಿಗೆ ತಂದಾಗ ಈ ತಪ್ಪು ಮಾಡಲಿಲ್ಲ: 30 ಲಕ್ಷ ಡಾಲರ್ ದಾಟಿದ ಭಾಗಕ್ಕೆ ಮಾತ್ರ ನೂರಕ್ಕೆ 20 ಸೆಂಟ್, 40 ಲಕ್ಷ ದಾಟಿದ ಭಾಗಕ್ಕೆ 40 ಸೆಂಟ್. ಗೆರೆಯ ಮೇಲೆ ಒಂದು ಹೆಜ್ಜೆ ಇಟ್ಟವರಿಗೆ ಒಂದು ಹೆಜ್ಜೆಯಷ್ಟೇ ತೆರಿಗೆ. ಇಂಗ್ಲೆಂಡಿನದು ಇನ್ನೊಂದು ತುದಿಯಲ್ಲೂ ಎಡವಿದೆ. 50 ಲಕ್ಷದ ಮನೆಗೂ 7,500, 5 ಕೋಟಿ ಪೌಂಡಿನ ಮಹಲಿಗೂ 7,500. ನೀವು ನೂರಕ್ಕೆ 12 ಪೈಸೆ ಕೊಡುವಾಗ ಆ ಮಹಲಿನವನು ಒಂದೂವರೆ ಪೈಸೆ ಕೊಡುತ್ತಾನೆ. ಸಿಟ್ಟು ಮಾಡಿಕೊಳ್ಳುವುದೇ ಆದರೆ ಇದಕ್ಕೆ ಮಾಡಿಕೊಳ್ಳಿ, ನಾನೂ ಜೊತೆಗಿದ್ದೇನೆ. ಹೆಸರು ಕೌನ್ಸಿಲ್ ಟ್ಯಾಕ್ಸ್ ಅಂತಿದ್ದರೂ ಹಣ ಈಲಿಂಗ್ ಕೌನ್ಸಿಲ್ ವಸೂಲಿ ಮಾಡಿ ಕೇಂದ್ರಕ್ಕೆ ಕಳಿಸಬೇಕು ಅನ್ನುವುದೂ ಒಂದು ವಿಚಿತ್ರವೇ. 2029–30ರಲ್ಲಿ ಇದರಿಂದ ಬರುವ ಅಂದಾಜು ವರಮಾನ ಸುಮಾರು 40 ಕೋಟಿ ಪೌಂಡ್. ಒಂದು ಸರ್ಕಾರದ ಖಜಾನೆಗೆ ಅದು ಕಡಲೆಕಾಯಿ.

ಇಲ್ಲಿ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಪಿಂಚಣಿಯ ಮೇಲೆ ಬದುಕುತ್ತಿರುವ ನಮ್ಮ ಓದುಗರು ಈ ಹೊತ್ತಿಗೆ ಕಿವಿ ನಿಮಿರಿಸಿರುತ್ತಾರೆ. ಅವರಿಗೆ ಸದ್ಯಕ್ಕೆ ಇಂಥ ಭಯವಿಲ್ಲ. ಬೆಂಗಳೂರಿನ ಆಸ್ತಿ ತೆರಿಗೆ 2008ರಿಂದ ಚದರಡಿ ಲೆಕ್ಕದ್ದು; ಬಡಾವಣೆಗಳನ್ನು ಮಾರ್ಗಸೂಚಿ ದರ ನೋಡಿ ವಲಯಗಳಾಗಿ ವಿಂಗಡಿಸಿದ್ದಾರೆಯೇ ಹೊರತು ನಿಮ್ಮ ಮನೆ ಎಷ್ಟು ಕೋಟಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ದೇಶದಲ್ಲಿ 1957ರಿಂದ ಇದ್ದ ಸಂಪತ್ತು ತೆರಿಗೆಯೂ ಒಂದು ಮನೆಗೆ ವಿನಾಯಿತಿ ಕೊಟ್ಟಿತ್ತು. 2015ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅದನ್ನೇ ಎತ್ತಿಹಾಕಿದರು. ವಸೂಲಿಯ ರಗಳೆ ಹೆಚ್ಚು, ಬರುವುದು ಕಡಿಮೆ ಅಂತ. ಬದಲಿಗೆ ವರ್ಷಕ್ಕೆ ಕೋಟಿ ಮೀರಿ ಆದಾಯ ಇದ್ದವರ ಮೇಲೆ ನೂರಕ್ಕೆ 2ರಂತೆ ಹೆಚ್ಚುವರಿ ಮೇಲ್ತೆರಿಗೆ ಹಾಕಿದರು. ಮೆಟ್ರೊ ಬಂದ ಮೇಲೆ ದುಪ್ಪಟ್ಟಾದ ನಿವೇಶನಗಳ ಲಾಭದಲ್ಲಿ ಊರಿನ ಪಾಲೆಷ್ಟು ಅನ್ನುವ ಪ್ರಶ್ನೆ ನಮ್ಮಲ್ಲೂ ಏಳಬೇಕಾದದ್ದೇ. ಅದು ಇನ್ನೊಂದು ವಾರಕ್ಕಿರಲಿ.

ಈಗ ನೀವು ಮಾಡಬೇಕಾದ್ದು.

ಮೊದಲನೆಯದಾಗಿ, ನಿಮ್ಮ ಮನೆ 20 ಲಕ್ಷದ ಗೆರೆ ದಾಟಿದೆಯೋ ಇಲ್ಲವೋ ಅನ್ನುವುದೇ ಖಚಿತವಿಲ್ಲ. 21 ಲಕ್ಷ ಅಂದದ್ದು ಏಜೆಂಟ್. ಮಾರಾಟ ತನ್ನ ಕೈಗೆ ಬರಲಿ ಅಂತ ಬೆಲೆಯನ್ನು ಒಂದಿಷ್ಟು ಏರಿಸಿ ಹೇಳುವುದು ಆ ಕಸುಬಿನ ರೂಢಿ, ಲಂಡನ್ನಿನಲ್ಲೂ ಬೆಂಗಳೂರಿನಲ್ಲೂ. ನೂರಕ್ಕೆ ಐದು ತಗ್ಗಿದರೆ ನೀವು ಗೆರೆಯ ಕೆಳಗೆ. ಸರ್ಕಾರದ ಮೌಲ್ಯಮಾಪನ ಕಚೇರಿ ಲೆಕ್ಕಕ್ಕೆ ಹಿಡಿಯುವುದು 2026ರ ಬೆಲೆಯನ್ನು. ನಿಮ್ಮ ಬೀದಿಯಲ್ಲಿ, ನಿಮ್ಮಂಥದ್ದೇ ಮನೆ ಈಚೆಗೆ ಎಷ್ಟಕ್ಕೆ ಹೋಯಿತು ಅನ್ನುವುದು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಮಗಳಿಗೆ ಹೇಳಿ ಆ ಪಟ್ಟಿ ತೆಗೆಸಿ ಒಂದು ಕಡತದಲ್ಲಿಡಿ. ಮಾಡಿನ ಸೋರಿಕೆ, ಬಿರುಕು, ಹಳೇ ವೈರಿಂಗ್ ಏನಿದ್ದರೂ ಫೋಟೊ ತೆಗೆದಿಡಿ. ಗೆರೆಯ ಹತ್ತಿರ ಇರುವವರಿಗೆ ಈ ಕಾಗದಗಳೇ ಬಲ.

ಗೆರೆ ದಾಟಿಯೇ ಬಿಟ್ಟಿತು ಅನ್ನಿ. ಕೈಯಲ್ಲಿ ಹಣವಿಲ್ಲದ ಮಾಲೀಕರಿಗೆ ನೆರವು ಹೇಗಿರಬೇಕು, ತೆರಿಗೆಯನ್ನು ಮುಂದೂಡಲು ಬಿಡಬೇಕೇ ಅನ್ನುವುದನ್ನು ಸಾರ್ವಜನಿಕರ ಸಮಾಲೋಚನೆಗೆ ಇಡುವುದಾಗಿ ಸರ್ಕಾರ ಹೇಳಿದೆ. ಮುಂದೂಡುವುದು ಅಂದರೆ ಮನೆ ಮಾರಿದಾಗಲೋ ಮಾಲೀಕರು ತೀರಿಕೊಂಡ ಮೇಲೋ ಬಾಕಿಯನ್ನು ಮನೆಯ ಹಣದಿಂದಲೇ ತೀರಿಸುವ ಏರ್ಪಾಡು. ಇದು ಹೊಸ ಸಂಗತಿಯಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರಿಗೆ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗೆ ಮನೆ ತೆರಿಗೆಯನ್ನು ಹೀಗೆ ಮುಂದಕ್ಕೆ ಹಾಕುವ ಅವಕಾಶವಿದೆ, ಐರ್ಲೆಂಡಿನಲ್ಲೂ ಕಡಿಮೆ ಆದಾಯದವರಿಗೆ ಇದೆ. ಬಡ್ಡಿ ಬೀಳುತ್ತದೆ, ಬೀಳಲಿ. ಫಸಲು ಬಂದಾಗ ಕಂದಾಯ ಅಂದರೆ ನಿಮ್ಮ ಆಕ್ಷೇಪದ ಜೀವವೇ ಹೋಯಿತಲ್ಲ? ಆದ್ದರಿಂದ ನಿಮ್ಮ ಭಾಗದ ಸಂಸತ್ ಸದಸ್ಯರಿಗೆ ಒಂದು ಪುಟದ ಪತ್ರ ಬರೆಯಿರಿ. ತೆರಿಗೆ ತೆಗೆಯಿರಿ ಅಂತ ಬೇಡ, ಮುಂದೂಡುವ ಹಕ್ಕು ಕೊಡಿ ಅಂತ. ಬರೆಯುವವರು ಡಾಕ್ಟರೊಬ್ಬರ 74 ವರ್ಷದ ಹೆಂಡತಿ ಆದಾಗ ಅದಕ್ಕೊಂದು ತೂಕ ಬರುತ್ತದೆ. ಇದುವರೆಗೆ ನಿಮ್ಮಂಥವರನ್ನು ಮುಂದಿಟ್ಟುಕೊಂಡು ಮಹಲಿನವರು ವಾದ ಮಾಡುತ್ತಾ ಬಂದಿದ್ದಾರೆ, ಈ ಸಲ ನೀವೇ ಮಾತಾಡಿ.

ಮಾರಿ ಚಿಕ್ಕ ಮನೆಗೆ ಹೋಗಲೇ ಅಂತ ಕೇಳಿದ್ದೀರಿ. ಮಹಡಿ ಮೆಟ್ಟಿಲು ಹತ್ತಲಾಗುತ್ತಿಲ್ಲ, ಒಂಟಿತನ ತಿನ್ನುತ್ತಿದೆ ಅನ್ನುವ ಕಾರಣಕ್ಕಾದರೆ ಹೋಗಿ. ಈ ತೆರಿಗೆ ಉಳಿಸುವುದಕ್ಕೆ ಅಂತ ಹೋಗಬೇಡಿ, ಲೆಕ್ಕ ಕೂಡುವುದಿಲ್ಲ. ಅದೇ ಊರಿನಲ್ಲಿ 10 ಲಕ್ಷ ಪೌಂಡಿನ ಫ್ಲಾಟ್ ಕೊಂಡರೆ ಮುದ್ರಾಂಕ ಶುಲ್ಕವೇ 43,750 ಪೌಂಡ್. ವರ್ಷಕ್ಕೆ 2,500ರಂತೆ ಅದು ಹದಿನೇಳೂವರೆ ವರ್ಷದ ತೆರಿಗೆ, ಒಂದೇ ಏಟಿಗೆ. ಇದರ ಮೇಲೆ ಏಜೆಂಟ್, ವಕೀಲ, ಸಾಗಾಣಿಕೆ. ನನ್ನನ್ನು ಕೇಳಿದರೆ ನಿಜವಾದ ಅನ್ಯಾಯದ ತೆರಿಗೆ ಈ ಮುದ್ರಾಂಕ ಶುಲ್ಕ. ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದವರು ಚಿಕ್ಕದಕ್ಕೆ ಹೋಗೋಣ ಅಂದುಕೊಂಡರೆ ಅದು ಬಾಗಿಲಲ್ಲಿ ನಿಂತು ತಡೆಯುತ್ತದೆ. ಮಕ್ಕಳಿರುವ ಸಂಸಾರಕ್ಕೆ ಸಿಗಬೇಕಾದ ಮನೆ ಸಿಗದೇ ಹೋಗುತ್ತದೆ. ಕೂತವರಿಗೆ ತೆರಿಗೆಯಿಲ್ಲ, ಎದ್ದವರಿಗೆ ದಂಡ. ವರ್ಷ ವರ್ಷ ಮನೆಯ ಮೇಲೆ ಸ್ವಲ್ಪ ಸ್ವಲ್ಪ ಹಾಕಿ, ಈ ಶುಲ್ಕ ತೆಗೆದುಹಾಕಿದ್ದರೆ ರೀವ್ಸ್ ಅವರಿಗೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ.

ಮಗನ ಸಲಹೆಗೆ ಬರೋಣ. ಅವನ ಹೆಸರಿಗೆ ಮಾಡಿದ ಮಾತ್ರಕ್ಕೆ ಮನೆಯ ಬೆಲೆ ಇಳಿಯುವುದಿಲ್ಲ, ತೆರಿಗೆಯೂ ಹೋಗುವುದಿಲ್ಲ; ನಿಮ್ಮ ಬದಲು ಅವನು ಕಟ್ಟಬೇಕಾಗುತ್ತದೆ. ಅವನ ಮನಸ್ಸಿನಲ್ಲಿರುವುದು ಬಹುಶಃ ಉತ್ತರಾಧಿಕಾರ ತೆರಿಗೆ. ಅದೂ ಈ ದಾರಿಯಲ್ಲಿ ತಪ್ಪುವುದಿಲ್ಲ. ಕೊಟ್ಟು ಏಳು ವರ್ಷ ಬದುಕಿದರೆ ಆ ದಾನ ಈ ತೆರಿಗೆಯಿಂದ ಹೊರಗೆ ಅನ್ನುವ ನಿಯಮವೇನೋ ಉಂಟು. ಆದರೆ ಕೊಟ್ಟ ಮನೆಯಲ್ಲಿ ಪುಕ್ಕಟೆಯಾಗಿ ವಾಸ ಮುಂದುವರಿಸಿದರೆ ಅದು ದಾನ ಅಂತ ಅನ್ನಿಸಿಕೊಳ್ಳುವುದೇ ಇಲ್ಲ, ನೀವು ಹೋದ ಮೇಲೆ ಮನೆ ನಿಮ್ಮ ಆಸ್ತಿಯ ಲೆಕ್ಕಕ್ಕೇ ಬರುತ್ತದೆ. ತಪ್ಪಿಸಬೇಕಾದರೆ ನಿಮ್ಮದೇ ಮನೆಗೆ ನೀವು ಮಗನಿಗೆ ಮಾರುಕಟ್ಟೆ ದರದ ಬಾಡಿಗೆ ಕೊಡಬೇಕು. 26,000ದ ಪಿಂಚಣಿಯಲ್ಲಿ? ಇನ್ನೊಂದು ಗುಂಡಿಯೂ ಇದೆ. ವಾರಸಾಗಿ ಬಂದ ಮನೆಯನ್ನು ಮಾರಿದರೆ, ತಾಯಿ ತೀರಿಕೊಂಡ ದಿನದ ಬೆಲೆಯನ್ನೇ ಮೂಲ ಬೆಲೆ ಅಂತ ಹಿಡಿಯುತ್ತಾರೆ, ಹಿಂದಿನ ಲಾಭಕ್ಕೆ ತೆರಿಗೆಯಿಲ್ಲ. ಈಗಲೇ ಬರೆಸಿಕೊಂಡರೆ ಆ ಅನುಕೂಲ ಹೋಗುತ್ತದೆ. ಅವನು ಅಲ್ಲಿ ವಾಸವೂ ಇಲ್ಲದ್ದರಿಂದ ಮುಂದೆ ಏರುವ ಬೆಲೆಗೆ ಬಂಡವಾಳ ಲಾಭ ತೆರಿಗೆ ಬೀಳುತ್ತದೆ. ಎರಡೂ ಕಡೆ ಪೆಟ್ಟು. ಕಾಗದದ ಮಾತು ಬಿಟ್ಟು ಸಂಸಾರದ ಮಾತೂ ಆಡುತ್ತೇನೆ. ನಾಳೆ ಮಗನ ವ್ಯವಹಾರ ಮುಗ್ಗರಿಸಿದರೆ, ಅವನ ಸಂಸಾರ ಎರಡಾದರೆ, ಆ ಮನೆ ಅವನ ಆಸ್ತಿ. ನೀವು ಅದರಲ್ಲಿ ಅತಿಥಿ. ಮಗಳ ಪಾಲು ಏನಾಗುತ್ತದೆ ಅನ್ನುವುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅವಳಿಗೆ ಹೊಳೆಯದೇ ಇರುತ್ತದೆಯೇ?

ನನಗೆ ಕಾಣುವುದು ಇದು: ನಿಮ್ಮ ಮಕ್ಕಳು ಜಗಳವಾಡುತ್ತಿರುವುದು 2,500 ಪೌಂಡಿಗಲ್ಲ. ಯಜಮಾನರು ಎಲ್ಲವನ್ನೂ ನಿಮಗೇ ಬಿಟ್ಟು ಹೋದರು ಅಂತ ಇಟ್ಟುಕೊಂಡು ಇವತ್ತಿನ ನಿಯಮದಲ್ಲಿ ಉತ್ತರಾಧಿಕಾರ ತೆರಿಗೆಯ ಲೆಕ್ಕ ಹಾಕಿದೆ. ಇಬ್ಬರ ವಿನಾಯಿತಿಯೂ ಪೂರ್ತಿ ಸಿಕ್ಕಿದ್ದರೆ ಮಕ್ಕಳಿಗೆ 10 ಲಕ್ಷದವರೆಗೆ ತೆರಿಗೆ ಇರುತ್ತಿರಲಿಲ್ಲ. ಆಸ್ತಿ 20 ಲಕ್ಷ ದಾಟಿದ್ದರಿಂದ ಮನೆಗಾಗಿ ಇರುವ ವಿನಾಯಿತಿ, ಮೀರಿದ ಪ್ರತಿ 2 ಪೌಂಡಿಗೆ 1ರಂತೆ ಕರಗುತ್ತದೆ. ಮನೆ 21 ಲಕ್ಷ, ಉಳಿತಾಯ 60,000. ವಿನಾಯಿತಿ 9,20,000ಕ್ಕೆ ಇಳಿಯಿತು. ಮಿಕ್ಕದ್ದಕ್ಕೆ ನೂರಕ್ಕೆ 40. ಹತ್ತಿರ ಹತ್ತಿರ 5 ಲಕ್ಷ ಪೌಂಡ್ ತೆರಿಗೆ. ಹೊಸ ತೆರಿಗೆಯನ್ನು ಹತ್ತು ವರ್ಷ ಮುಂದೂಡಿದರೂ ಅಸಲು 25,000. ಮಗ 25,000ದ ವಿಷಯಕ್ಕೆ ದರೋಡೆ ಅನ್ನುತ್ತಿದ್ದಾನೆ, 5 ಲಕ್ಷದ ವಿಷಯ ಯಾರೂ ನಿಮ್ಮೆದುರು ಬಾಯಿಬಿಟ್ಟು ಹೇಳುತ್ತಿಲ್ಲ, ಯಾಕೆಂದರೆ ಅದಕ್ಕೆ ನಿಮ್ಮ ಸಾವಿನ ಮಾತು ಆಡಬೇಕಾಗುತ್ತದೆ. ಆ ಮಾತನ್ನು ನೀವೇ ಎತ್ತಿ. ಇಬ್ಬರನ್ನೂ ಕೂರಿಸಿಕೊಂಡು, ಉತ್ತರಾಧಿಕಾರ ತೆರಿಗೆ ಬಲ್ಲ ಸಾಲಿಸಿಟರ್ ಒಬ್ಬರ ಎದುರು, ಉಯಿಲು ಮಾಡಿ. ಯಾರಿಗೆಷ್ಟು ಅಂತ ಇಬ್ಬರಿಗೂ ಒಂದೇ ದಿನ ಗೊತ್ತಾಗಲಿ. ತೆರಿಗೆ ಕಟ್ಟಿದ ಮೇಲೂ ತಲಾ 8 ಲಕ್ಷ ಪೌಂಡಿಗೆ ಕಡಿಮೆಯಿಲ್ಲದೆ ಬರುತ್ತದೆ. ಅದು ಬಾಡಿಗೆ ಮನೆಯ ಟೀಚರಮ್ಮನಿಗೂ ಬರುತ್ತದೆ ಅನ್ನುವುದನ್ನು ಅವಳಿಗೆ ನೆನಪಿಸಲು ಅಡ್ಡಿಯಿಲ್ಲ. ದುಬಾರಿ ಮನೆಯ ತೆರಿಗೆ ನ್ಯಾಯ ಅಂತ ವಾದಿಸುವವರೂ ಒಂದು ದಿನ ಅದರ ವಾರಸುದಾರರು.

ಕೊನೆಯದಾಗಿ, ಹಣ ಹೊಂದಿಸುವ ಒಂದು ಸುಲಭ ದಾರಿ. ತಾನು ವಾಸವಿರುವ ಮನೆಯ ಕೋಣೆಯೊಂದನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 7,500 ಪೌಂಡಿನವರೆಗೆ ಆದಾಯ ತೆರಿಗೆ ಇಲ್ಲ ಅನ್ನುವ ನಿಯಮ ನಿಮ್ಮಲ್ಲಿದೆ. ನಿಮ್ಮ ಹೊಸ ತೆರಿಗೆಯ ಮೂರರಷ್ಟು ಅದು. ಈಗ ಒಬ್ಬರೇ ಇರುವುದರಿಂದ ಮಾಮೂಲಿ ಕೌನ್ಸಿಲ್ ಟ್ಯಾಕ್ಸಿನಲ್ಲಿ ನಾಲ್ಕರಲ್ಲಿ ಒಂದು ಪಾಲು ರಿಯಾಯಿತಿ ಸಿಗುತ್ತಿರುತ್ತದೆ. ಬಂದವರು ಪೂರ್ಣಾವಧಿ ವಿದ್ಯಾರ್ಥಿಯಾದರೆ ಅದೂ ಉಳಿಯುತ್ತದೆ. ಓದಲು ಹೋದ ನಮ್ಮ ಹುಡುಗಿಯರು ಲಂಡನ್ನಿನಲ್ಲಿ ಕೋಣೆಗೆ ಪರದಾಡುತ್ತಿರುತ್ತಾರೆ, ಅವರಲ್ಲೊಬ್ಬಳಿಗೆ ಕೊಡಿ. ಅದಕ್ಕೂ ಮೊದಲು ಮಗಳನ್ನು ಕೇಳಿ. ಅವಳು ಲೂಯಿಷಮ್‌ನಲ್ಲಿ ಯಾರಿಗೋ ತಿಂಗಳು ತಿಂಗಳು ಬಾಡಿಗೆ ಸುರಿಯುತ್ತಿದ್ದಾಳೆ, ನಿಮ್ಮ ನಾಲ್ಕು ಕೋಣೆಗಳಿಗೆ ಬೀಗ. ಶಾಲೆ ದೂರವಾಗಬಹುದು, ಸ್ವಂತ ಬದುಕು ಬೇಕು ಅನ್ನಬಹುದು. ಅವಳು ಬಂದರೆ ಆ ರಿಯಾಯಿತಿ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.